ನೇತ್ರಾಣಿಯ ಸುತ್ತಲಿನ ಸೆಳವು

ದಿವಾ ಜಂಕ್ಷನ್ನಿನ ನಿವಾಸಿಗಳಾದ ನಮಗೆ ಕೊಂಕಣದ ಕಡೆಗೆ ಓಡುವ ರೈಲುಗಳು ಹೊಸವಲ್ಲ. 1998ನೆಯ ಜನವರಿ 26ರಂದು ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದಂದಿನಿಂದ, ಕರಾವಳಿಯ ಕನ್ನಡಿಗರು ತಮ್ಮ ಊರಿಗೆ ಹೋಗಿಬರುವ ದಾರಿಯು ನಮ್ಮ ಮನೆಬಾಗಿಲಿನ ಮುಂದೆಯೇ ಹಾದುಹೋಗುತ್ತಿದೆ. ಕುರ್ಲಾದಿಂದ ಅಪರಾಹ್ನ ಹೊರಡುವ ಮತ್ಸ್ಯಗಂಧಾ ರೈಲು ಠಾಣೆಯಲ್ಲಿ ನಿಂತು, ದಿವಾವನ್ನು ನಿಲ್ಲದೆ ದಾಟಿ, ಪನವೇಲಿನ ಕಡೆಗೆ ಹೊರಳಿ, ಮರುದಿನ ಬೆಳಗಿನ ಜಾವಕ್ಕೆ ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರವನ್ನು ಮುಟ್ಟುತ್ತದೆ. ಅಲ್ಲಿ ಇಳಿದವರು ಗೋಪುರವನ್ನೂ ಸುಮಾರು 37 ಮೀಟರ್ ಎತ್ತರದ ಶಿವಮೂರ್ತಿಯನ್ನೂ ನೋಡಿ ಹಿಂದಿರುಗುವುದು ವಾಡಿಕೆ. ಆದರೆ ಅದೇ ತೀರದಿಂದ ಪಶ್ಚಿಮಕ್ಕೆ, ಸುಮಾರು 19 ಕಿಲೋಮೀಟರ್ ದೂರದ ಕಡಲಿನಲ್ಲಿ, ನೇತ್ರಾಣಿಯೆಂಬ ಒಂದು ಗುಡ್ಡವು ನೀರಿನಿಂದ ತಲೆಯೆತ್ತಿ ನಿಂತಿದೆ. ಈಚಿನ ವರುಷಗಳಲ್ಲಿ ಆ ದ್ವೀಪದ ಬಳಿ ನೀರಿನೊಳಗೆ ಮುಳುಗಿ ಹವಳವನ್ನೂ ಮೀನನ್ನೂ ನೋಡುವುದಕ್ಕಾಗಿ ದೂರದೂರದಿಂದ ಜನ ಬರುತ್ತಿದ್ದಾರೆ. ನಾವು ಆರು ಮಂದಿಯೂ ಕಳೆದ ಒಂದು ಜನವರಿಯಲ್ಲಿ ಅಲ್ಲಿಗೆ ಹೋಗಿದ್ದೆವು. ಪ್ರವಾಸದ ಕಥೆಯನ್ನು ಹೇಳುವುದು ಈ ಲೇಖನದ ಮುಖ್ಯ ಉದ್ದೇಶವಲ್ಲ. ಅಲ್ಲಿ ನಾವು ಕಂಡ ಸಮುದ್ರದ ಸೆಳವು ಎಂತಹುದು, ಅದು ಹೇಗೆ ಹುಟ್ಟುತ್ತದೆ, ನೀರಿನೊಳಗೆ ಇಳಿದ ಮನುಷ್ಯನಿಗೆ ಅದರಿಂದ ಏನಾಗುತ್ತದೆ ಎಂಬುದನ್ನು ವಿದ್ಯಾರ್ಥಿಮಿತ್ರರಿಗೆ ತಿಳಿಸಬೇಕೆಂಬುದೇ ನಮ್ಮ ಆಶಯ.

ಮೊದಲು ದ್ವೀಪದ ವಿಷಯ. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ನೇತ್ರಾಣಿಯು ಹೃದಯದ ಆಕಾರದಲ್ಲಿ ತೋರುತ್ತದೆ. ಹನುಮಂತನ ಹೆಸರಿನೊಡನೆ ಸೇರಿಸಿ ಬಜರಂಗಿ ದ್ವೀಪವೆಂದು ಕರೆಯುವುದೂ ಉಂಟು. ಇಂಗ್ಲಿಷರು ತಮ್ಮ ಕಡಲ ನಕ್ಷೆಗಳಲ್ಲಿ ಇದನ್ನು ಪಾರಿವಾಳದ ದ್ವೀಪವೆಂದು ಬರೆದುಕೊಂಡರು. ಕಡಿದಾದ ಬಂಡೆಗಳು, ಮೇಲೆ ದಟ್ಟವಾದ ಕಾಡು, ಬಿಳಿಹೊಟ್ಟೆಯ ಕಡಲಹದ್ದುಗಳು, ಮೀನುಗಾರರು ಹರಕೆಯೆಂದು ತಂದು ಬಿಟ್ಟ ಆಡುಗಳ ಸಂತತಿ — ಇವಿಷ್ಟು ನೀರಿನ ಮೇಲಣ ಸಂಸಾರ. ನಮ್ಮ ನೌಕಾಪಡೆಯು ಈ ದ್ವೀಪವನ್ನು ಗುಂಡಿನ ಗುರಿಯ ಅಭ್ಯಾಸಕ್ಕಾಗಿ ಬಳಸಿದ್ದುಂಟು. ಹವಳವಿರುವ ತಾಣದಲ್ಲಿ ಇದು ತಕ್ಕುದೇ ಎಂದು ಪರಿಸರಪ್ರೇಮಿಗಳು ಪ್ರಶ್ನಿಸಿದ್ದೂ ಉಂಟು. ಪ್ರಶ್ನಿಸಿದವರ ಪಕ್ಷವೇ ನಮಗೆ ಸರಿಯೆಂದು ತೋರುತ್ತದೆ. ಏಕೆಂದರೆ ಕರ್ನಾಟಕದ ಕರಾವಳಿಯಲ್ಲಿ ಹವಳವು ಹೀಗೆ ಬೆಳೆದಿರುವ ಎಡೆಗಳು ಬಹಳ ವಿರಳ.

ಹವಳವು ಅಲ್ಲಿಯೇ ಏಕೆ ಬೆಳೆಯಿತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟರೆ ನಾವು ಸೆಳವಿನ ಬಳಿಗೇ ಬರಬೇಕಾಗುತ್ತದೆ. ಹವಳವು ಗಿಡದಂತೆ ಕಂಡರೂ ಪ್ರಾಣಿ. ಒಂದೇ ಕಡೆ ಅಂಟಿಕೊಂಡಿರುವ ಸಣ್ಣ ಸಣ್ಣ ಜೀವಿಗಳ ಗುಂಪು. ತಾನು ನಡೆದು ಹೋಗಿ ಆಹಾರವನ್ನು ಹುಡುಕಲಾರದ ಜೀವಿಗೆ ಆಹಾರವೇ ನಡೆದು ಬರಬೇಕು. ಹರಿಯುವ ನೀರು ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳನ್ನು ಹೊತ್ತು ತರುತ್ತದೆ. ಹವಳದ ಮೇಲೆ ಕೆಸರು ಕೂರದಂತೆ ತೊಳೆಯುತ್ತದೆ. ಬಿಸಿಯಾದ ನೀರನ್ನು ನಿಲ್ಲಗೊಡದೆ ಸಾಗಿಸುತ್ತದೆ. ತೀರದ ಬಳಿ ನದಿಗಳು ತಂದ ಮಣ್ಣಿನಿಂದ ನೀರು ಕಲಕಿರುವುದು. ದ್ವೀಪದ ಬಳಿ ಅಷ್ಟು ಕಲಕಿರುವುದಿಲ್ಲ. ಹವಳವಿದ್ದಲ್ಲಿಗೆ ಮೀನು, ಚಿಕ್ಕ ಮೀನಿದ್ದಲ್ಲಿಗೆ ದೊಡ್ಡ ಮೀನು ಬರುತ್ತವೆ. ಹೀಗೆ, ಯಾವ ಸೆಳವಿಗೆ ಮುಳುಗುವವನು ಹೆದರುತ್ತಾನೆಯೋ ಅದೇ ಸೆಳವು ಅವನು ನೋಡಬಂದ ಸೊಬಗಿನ ತಾಯಿಯಾಗಿದೆ.

ಸಮುದ್ರದ ನೀರು ಹರಿಯುವುದಕ್ಕೆ ಹಲವು ಕಾರಣಗಳುಂಟು. ಮೊದಲನೆಯದು ಉಬ್ಬರವಿಳಿತ. ದಿವಾದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಊರಿನ ಉತ್ತರಕ್ಕೆ, ಕಾಂಡ್ಲದ ಗಿಡಗಳ ಆಚೆಗೆ, ಉಲ್ಹಾಸ ನದಿಯ ಖಾಡಿಯಿದೆ. ನೆರೆಹೊರೆಯ ಮರಾಠಿ ಮಾತಿನವರು ಭರತಿ ಮತ್ತು ಓಹೋಟಿ ಎಂದು ಹೇಳುವ ಏರಿಳಿತವು ಅಲ್ಲಿ ದಿನಕ್ಕೆ ಎರಡು ಬಾರಿ ನಡೆಯುತ್ತದೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸರಾಸರಿ 12 ಗಂಟೆ 25 ನಿಮಿಷ. ಆದುದರಿಂದಲೇ ಇಂದು ಹತ್ತು ಗಂಟೆಗೆ ಬಂದ ಉಬ್ಬರವು ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಸೂರ್ಯಚಂದ್ರರ ಸೆಳೆತಗಳು ಒಂದೇ ನೇರದಲ್ಲಿ ಕೂಡುವುದರಿಂದ ಏರಿಳಿತವು ಹೆಚ್ಚು. ಇದೇ ನೆರೆಯವರು ಹೇಳುವ ಉಧಾಣ್. ಅಷ್ಟಮಿಯ ಸುಮಾರಿಗೆ ಅದು ಕಡಿಮೆ. ಮುಂಬಯಿಯಲ್ಲಿ ಹುಣ್ಣಿಮೆಯ ಕಾಲದ ಏರಿಳಿತವು ಸಾಮಾನ್ಯವಾಗಿ 3.5 ಮೀಟರಿಗೂ ಮಿಕ್ಕಿರುತ್ತದೆ. ಕಾರವಾರದ ಕಡೆ ಅದರ ಅರ್ಧದಷ್ಟು ಮಾತ್ರ. ಗುಜರಾತು ಮುಂಬಯಿಗಳ ಎದುರಿಗೆ ಕಡಲತಳವು ಬಹುದೂರದವರೆಗೆ ಆಳವಿಲ್ಲದೆ ಹಬ್ಬಿರುವುದರಿಂದ ಉಬ್ಬರದ ನೀರು ಅಲ್ಲಿ ಒತ್ತರಿಸಿಕೊಂಡು ಎತ್ತರಕ್ಕೆ ಏಳುತ್ತದೆ.

ಎರಡನೆಯದು ಋತುವಿಗೆ ತಕ್ಕಂತೆ ದಿಕ್ಕು ಬದಲಿಸುವ ಕರಾವಳಿಯ ಪ್ರವಾಹ. ನಮ್ಮ ಪಶ್ಚಿಮ ತೀರದುದ್ದಕ್ಕೂ ಮುಂಗಾರಿನ ತಿಂಗಳುಗಳಲ್ಲಿ ನೀರು ದಕ್ಷಿಣಾಭಿಮುಖವಾಗಿಯೂ, ನವೆಂಬರಿನಿಂದ ಫೆಬ್ರವರಿಯವರೆಗೆ ಉತ್ತರಾಭಿಮುಖವಾಗಿಯೂ ಹರಿಯುತ್ತದೆ. 1966ರಲ್ಲಿ ಸ್ಥಾಪಿತವಾದ, ಗೋವೆಯಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿದ್ವಾಂಸರು ಈ ಪ್ರವಾಹವನ್ನು ಕುರಿತು ಬಹಳ ಅಭ್ಯಾಸ ಮಾಡಿದ್ದಾರೆ. ಇವೆರಡರ ಜೊತೆಗೆ ಆಯಾ ದಿನದ ಗಾಳಿಯೂ ಮೇಲ್ಪದರದ ನೀರನ್ನು ತಳ್ಳುತ್ತದೆ. ಮೂರೂ ಒಂದೇ ದಿಕ್ಕಿಗೆ ಕೂಡಿದ ದಿನ ಸೆಳವು ಬಲವಾಗುತ್ತದೆ. ಒಂದಕ್ಕೊಂದು ವಿರುದ್ಧವಾದ ದಿನ ನೀರು ಬಹುಮಟ್ಟಿಗೆ ನಿಂತಂತಿರುತ್ತದೆ. ಅದಕ್ಕಾಗಿಯೇ ನಿನ್ನೆ ಹಿತವಾಗಿದ್ದ ತಾಣವು ಇಂದು ಹಿತವಾಗಿರುವುದೆಂದು ಹೇಳಲು ಬಾರದು.

ಹೀಗೆ ಹರಿಯುವ ನೀರಿಗೆ ದ್ವೀಪವೊಂದು ಅಡ್ಡವಾದಾಗ ಏನಾಗುತ್ತದೆ? ಇದನ್ನು ನೋಡಲು ನೇತ್ರಾಣಿಗೆ ಹೋಗಬೇಕಾಗಿಲ್ಲ. ದಿವಾದಿಂದ ವಸಯಿಗೆ ಹೋಗುವ ರೈಲು, ಕೋಪರ್ ನಿಲ್ದಾಣದ ಆಚೆಗೆ, ಭಿವಂಡಿಯನ್ನು ಮುಟ್ಟುವ ಮೊದಲು ಖಾಡಿಯನ್ನು ದಾಟುತ್ತದೆ. ಇಳಿತದ ಹೊತ್ತಿನಲ್ಲಿ ಕಿಟಕಿಯಿಂದ ಸೇತುವೆಯ ಕಂಬದ ಬುಡವನ್ನು ಗಮನಿಸಿರಿ. ನೀರು ಕಂಬಕ್ಕೆ ಬಡಿದ ಕಡೆ ತುಸು ಉಬ್ಬಿ, ಎರಡಾಗಿ ಸೀಳಿ, ಎರಡು ಮಗ್ಗುಲಿನಲ್ಲಿಯೂ ವೇಗವಾಗಿ ನುಗ್ಗುತ್ತದೆ. ಕಂಬದ ಹಿಂದೆ ಮಾತ್ರ ಸುತ್ತುಸುಳಿಗಳಿರುವ ಒಂದು ಮರೆಯ ಜಾಗ ಉಳಿಯುತ್ತದೆ. ತೇಲಿಬಂದ ಕಸವು ಅಲ್ಲಿ ಸುತ್ತುತ್ತಿರುವುದನ್ನು ಕಾಣಬಹುದು. ಆ ಕಂಬವನ್ನೇ ಮನಸ್ಸಿನಲ್ಲಿ ನೂರಾರು ಮಡಿ ಹಿಗ್ಗಿಸಿದರೆ ನೇತ್ರಾಣಿಯಾಯಿತು. ದ್ವೀಪದ ಮೂಲೆಗಳಲ್ಲಿ ಸೆಳವು ಹೆಚ್ಚು, ಮರೆಯಲ್ಲಿ ಕಡಿಮೆ. ಬಂಡೆಯು ನೀರಿನೊಳಗೆ ಗೋಡೆಯಂತೆ ಇಳಿದಿರುವಲ್ಲಿ ನೀರು ಪಕ್ಕಕ್ಕೆ ಮಾತ್ರವಲ್ಲದೆ ಮೇಲಕ್ಕೂ ಕೆಳಕ್ಕೂ ಹರಿಯುವುದುಂಟು. ಕೆಳಕ್ಕೆ ಎಳೆಯುವ ಸೆಳವೇ ಇವೆಲ್ಲಕ್ಕಿಂತ ಭಯಂಕರವಾದುದು.

ಲೋಕದ ಬೇರೆ ಕಡೆಗಳಲ್ಲಿ ಇದಕ್ಕಿಂತಲೂ ಬಲವಾದ ಸೆಳವುಗಳಿವೆ. ಇಂಡೋನೇಷ್ಯಾದ ದ್ವೀಪಗಳ ನಡುವಣ ಇಕ್ಕಟ್ಟಾದ ಜಲಸಂಧಿಗಳ ಮೂಲಕ ಶಾಂತಸಾಗರದ ನೀರು ಹಿಂದೂಸಾಗರಕ್ಕೆ ಸದಾ ಹರಿದುಬರುತ್ತದೆ. ಆ ಕಡೆಯ ನೀರಿನ ಮಟ್ಟವು ಈ ಕಡೆಯದಕ್ಕಿಂತ ತುಸು ಎತ್ತರದಲ್ಲಿರುವುದೇ ಇದಕ್ಕೆ ಕಾರಣ. ಕೊಮೊಡೊ ದ್ವೀಪಗಳ ಬಳಿ ಮುಳುಗುವವರು ಆ ಸೆಳವನ್ನು ಎದುರಿಸುವ ಗೊಡವೆಗೇ ಹೋಗುವುದಿಲ್ಲ. ಒಂದೆಡೆ ಇಳಿದು, ನೀರು ಒಯ್ದತ್ತ ತೇಲಿ, ಇನ್ನೊಂದೆಡೆ ಏಳುತ್ತಾರೆ; ದೋಣಿಯು ಅವರ ಗುಳ್ಳೆಗಳನ್ನು ಹಿಂಬಾಲಿಸುತ್ತದೆ. ಮಾಲ್ದೀವಿನ ಹವಳದ್ವೀಪಗಳ ನಡುವಣ ಕಾಲುವೆಗಳಲ್ಲಿಯೂ ಇದೇ ರೀತಿ. ಹೊಸಬರಿಗೆ ತಕ್ಕ ಪಾಠಶಾಲೆ ಅದಲ್ಲ.

ಇನ್ನು ಮುಳುಗುವ ಉಪಕರಣದ ವಿಚಾರ. ಸ್ಕೂಬಾ ಎಂಬುದು ಒಂದು ಪದವಲ್ಲ. 'ಸೆಲ್ಫ್ ಕಂಟೇನ್ಡ್ ಅಂಡರ್‌ವಾಟರ್ ಬ್ರೀದಿಂಗ್ ಆಪರೇಟಸ್' ಎಂಬ ಐದು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಜೋಡಿಸಿ ಮಾಡಿಕೊಂಡ ಹೆಸರು. ಉಸಿರಾಡುವ ಗಾಳಿಯನ್ನು ತನ್ನೊಡನೆಯೇ ಹೊತ್ತೊಯ್ಯುವ ಸಾಧನವೆಂದು ಅದರ ಅರ್ಥ. ಅದಕ್ಕೆ ಮೊದಲು ಮುಳುಗುವವನಿಗೆ ಮೇಲಿನ ಹಡಗಿನಿಂದ ಕೊಳವೆಯ ಮೂಲಕ ಗಾಳಿಯನ್ನು ಒತ್ತುತ್ತಿದ್ದರು. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಝಾಕ್ ಕುಸ್ತೋ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾಂ ಇಬ್ಬರೂ ಸೇರಿ ಇಂದಿನ ಉಪಕರಣದ ಮೂಲರೂಪವನ್ನು ಸಿದ್ಧಪಡಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಮೋಟಾರುಗಳನ್ನು ಅನಿಲದಿಂದ ಓಡಿಸುವುದಕ್ಕಾಗಿ ಗಾನ್ಯಾಂ ರೂಪಿಸಿದ್ದ ಒಂದು ಕವಾಟವೇ ಇದಕ್ಕೆ ಆಧಾರವಾಯಿತೆಂಬುದು ಸ್ವಾರಸ್ಯದ ಸಂಗತಿ. ಉಸಿರನ್ನು ಎಳೆದಾಗ ಮಾತ್ರ, ಎಳೆದಷ್ಟೇ ಗಾಳಿಯನ್ನು, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಕೊಡುವುದು ಆ ಕವಾಟದ ಕೆಲಸ. ಬೆನ್ನಿನ ಸಿಲಿಂಡರಿನಲ್ಲಿರುವುದು ಆಮ್ಲಜನಕವೆಂದು ಬಹುಮಂದಿ ಭಾವಿಸಿದ್ದಾರೆ. ಅದು ಸರಿಯಲ್ಲ. ಅಲ್ಲಿರುವುದು ನಾವು ದಿನವೂ ಉಸಿರಾಡುವ ಗಾಳಿಯೇ. ಸುಮಾರು 200 ಮಡಿ ಒತ್ತಿ ತುಂಬಿರುತ್ತಾರೆ, ಅಷ್ಟೆ.

ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲೆ ಒಂದು ಪಾಲು ಇದ್ದುದು 10 ಮೀಟರಿನಲ್ಲಿ ಎರಡು ಪಾಲು, 20ರಲ್ಲಿ ಮೂರು ಪಾಲು. 1662ರಲ್ಲಿ ಬಾಯ್ಲ್ ಪ್ರಕಟಿಸಿದ ನಿಯಮವನ್ನು ಪಾಠಪುಸ್ತಕದಲ್ಲಿ ಓದಿದವರಿಗೆ ಮುಂದಿನದು ಸುಲಭ. ಒತ್ತಡವು ಇಮ್ಮಡಿಯಾದರೆ ಗಾಳಿಯ ಗಾತ್ರವು ಅರ್ಧವಾಗುತ್ತದೆ. ಆದ್ದರಿಂದ 10 ಮೀಟರಿನಲ್ಲಿ ಶ್ವಾಸಕೋಶವನ್ನು ತುಂಬಿಕೊಂಡು, ಉಸಿರು ಬಿಗಿಹಿಡಿದು ಮೇಲೆದ್ದರೆ, ಒಳಗಿನ ಗಾಳಿಯು ಎರಡರಷ್ಟು ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ನೀರಿನೊಳಗೆ ಎಂದಿಗೂ ಉಸಿರನ್ನು ಬಿಗಿಹಿಡಿಯಬಾರದೆಂಬುದೇ ಈ ವಿದ್ಯೆಯ ಮೊದಲನೆಯ ಪಾಠ. ಕಿವಿಯ ಒಳಗಿನ ಗಾಳಿಯೂ ಇಳಿಯುವಾಗ ಕುಗ್ಗುವುದರಿಂದ ಒಂದೆರಡು ಮೀಟರಿನಲ್ಲಿಯೇ ಕಿವಿ ನೋಯಲಾರಂಭಿಸುತ್ತದೆ. ಮೂಗನ್ನು ಹಿಡಿದು ಮೆಲ್ಲನೆ ಊದಿ ಅದನ್ನು ಸರಿಪಡಿಸಿಕೊಳ್ಳುತ್ತ ಇಳಿಯಬೇಕು. ನೆಗಡಿಯಾದವನಿಗೆ ಇದು ಸಾಧ್ಯವಾಗದು. ನಮ್ಮಲ್ಲೊಬ್ಬರು ಈ ಕಾರಣದಿಂದಲೇ ದೋಣಿಯಲ್ಲಿ ಉಳಿಯಬೇಕಾಯಿತು.

ಸೆಳವಿಗೂ ಗಾಳಿಗೂ ಇರುವ ನಂಟನ್ನು ಒಂದು ಲೆಕ್ಕದಿಂದ ತಿಳಿಯೋಣ. 12 ಲೀಟರ್ ಹಿಡಿಯುವ ಸಿಲಿಂಡರಿನಲ್ಲಿ 200 ಮಡಿ ಒತ್ತಿದ ಗಾಳಿಯಿದ್ದರೆ ಅದು ಮೇಲಿನ ಲೆಕ್ಕದಲ್ಲಿ 2400 ಲೀಟರ್. ಇದರಲ್ಲಿ ಕಾಲುಭಾಗವನ್ನು, ಅಂದರೆ 600 ಲೀಟರನ್ನು, ಆಪತ್ತಿಗೆಂದು ಉಳಿಸಿಕೊಳ್ಳಬೇಕು. ಉಳಿದುದು 1800. ಶಾಂತವಾಗಿ ತೇಲುವವನು ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾನೆಂದು ಇಟ್ಟುಕೊಳ್ಳೋಣ. 10 ಮೀಟರ್ ಆಳದಲ್ಲಿ ಒತ್ತಡವು ಇಮ್ಮಡಿಯಾದುದರಿಂದ ಅದು 40 ಲೀಟರ್. ಅಂದರೆ 45 ನಿಮಿಷಗಳ ಗಾಳಿ. ಅದೇ ವ್ಯಕ್ತಿಯು ಸೆಳವಿಗೆ ಎದುರಾಗಿ ಕಾಲು ಬಡಿಯತೊಡಗಿದರೆ ಏದುಸಿರು ಬಂದು ನಿಮಿಷಕ್ಕೆ 50 ಲೀಟರ್ ಬೇಕಾಗಬಹುದು. ಆ ಆಳದಲ್ಲಿ ಅದು 100 ಲೀಟರ್. 45 ನಿಮಿಷಗಳ ಗಾಳಿಯು 18 ನಿಮಿಷಗಳಲ್ಲಿ ಮುಗಿಯಿತು! ಇಷ್ಟು ಶ್ರಮದಿಂದ ಅವನು ಎಷ್ಟು ದೂರ ಮುಂದೆ ಹೋದ? ಪ್ರವಾಹದ ವೇಗವು ಒಂದು ನಾಟ್ ಇದ್ದರೆ ನೀರು ನಿಮಿಷಕ್ಕೆ ಸುಮಾರು 31 ಮೀಟರ್ ಸಾಗುತ್ತದೆ. ಕಾಲಿಗೆ ಉದ್ದನೆಯ ಫಿನ್ನುಗಳನ್ನು ಕಟ್ಟಿಕೊಂಡ ನುರಿತ ಮುಳುಗುಗಾರನೂ ಆ ವೇಗವನ್ನು ಬಹಳ ಹೊತ್ತು ಎದುರಿಸಲಾರ. ಅವನು ಇದ್ದಲ್ಲಿಯೇ ಇರುತ್ತಾನೆ. ಇಲ್ಲವೆ ಹಿಂದಕ್ಕೆ ಹೋಗುತ್ತಿರುತ್ತಾನೆ. ನೀರಿನ ವೇಗವು ಎರಡರಷ್ಟಾದರೆ ಅದು ಮೈಯನ್ನು ತಳ್ಳುವ ಬಲವು ನಾಲ್ಕರಷ್ಟಾಗುವುದೆಂಬುದನ್ನೂ ಇಲ್ಲಿ ನೆನೆಯಬೇಕು.

ನಾವು ಹೋದ ದಿನ ಬೆಳಿಗ್ಗೆ ಕಡಲು ನೋಡುವುದಕ್ಕೆ ಶಾಂತವಾಗಿತ್ತು. ದ್ವೀಪದ ಮರೆಯ ಪಕ್ಕದಲ್ಲಿ ಲಂಗರು ಹಾಕಿ, ಹೊಸಬರಾದ ನಮ್ಮಲ್ಲಿ ಒಬ್ಬೊಬ್ಬರೊಡನೆ ಒಬ್ಬೊಬ್ಬ ಶಿಕ್ಷಕನು ಇಳಿದನು. ಮೊದಲ ಬಾರಿ ಇಳಿಯುವವರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವ ವಾಡಿಕೆಯಿಲ್ಲ. ಸುಮಾರು 9 ಮೀಟರಿನಲ್ಲಿ ನಾವು ಕಂಡುದನ್ನು ಮಾತಿನಲ್ಲಿ ಹೇಳುವುದು ಕಷ್ಟ. ಬಂಡೆಯ ಬಿರುಕಿನಿಂದ ತಲೆಯನ್ನಷ್ಟೇ ಹೊರಗಿಟ್ಟ ಹಾವುಮೀನು. ಹವಳವನ್ನು ಕಟಕಟನೆ ಕಡಿಯುವ ಗಿಣಿಮೀನು, ಅದರ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಗುಹೆಯ ಬಾಯಲ್ಲಿ ಮನೆಯೊಡೆಯನಂತೆ ನಿಂತ ಮುರುಮೀನು. ನೂರಾರು ಸಣ್ಣ ಮೀನುಗಳೆಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದುವು. ಅದು ಸೆಳವು ಬರುವ ದಿಕ್ಕು. ಮೀನುಗಳ ಮುಖವನ್ನು ನೋಡಿ ಪ್ರವಾಹವನ್ನು ಅರಿಯಬಹುದೆಂದು ಶಿಕ್ಷಕನು ಮೇಲೆ ಬಂದ ಬಳಿಕ ತಿಳಿಸಿದನು. ನೀರಿನೊಳಗೆ ಮಾತಿಲ್ಲ, ಕೈಸನ್ನೆಯೇ ಎಲ್ಲ. ಹೆಬ್ಬೆರಳನ್ನೂ ತೋರುಬೆರಳನ್ನೂ ಸೇರಿಸಿ ಉಂಗುರ ಮಾಡಿದರೆ 'ಸರಿಯಾಗಿದ್ದೇನೆ' ಎಂದರ್ಥ. ಹೆಬ್ಬೆರಳನ್ನು ಮೇಲೆತ್ತಿ ತೋರಿಸಿದರೆ 'ಮೇಲೆ ಹೋಗೋಣ' ಎಂದರ್ಥವೇ ಹೊರತು 'ಭೇಷ್' ಎಂದಲ್ಲ!

ಮಧ್ಯಾಹ್ನ ಇನ್ನೊಂದು ಮೂಲೆಯಲ್ಲಿ ಎರಡನೆಯ ಬಾರಿ ಇಳಿಯಬೇಕೆಂದಿತ್ತು. ಅಲ್ಲಿ ಲಂಗರಿನ ಹಗ್ಗವನ್ನು ಹೊಕ್ಕು ಹರಿಯುವ ನೀರು ಹಗ್ಗದ ಹಿಂದೆ ಬಾಣದ ತುದಿಯಂತೆ ಗೆರೆಯೆಳೆಯುತ್ತಿತ್ತು. ದೋಣಿಯ ತಾಂಡೇಲರು ಅದನ್ನು ನೋಡಿದರು. ಶಿಕ್ಷಕನೊಡನೆ ಒಂದೆರಡು ಮಾತನಾಡಿದರು. ಇಳಿಯುವುದು ಬೇಡವೆಂದು ತೀರ್ಮಾನವಾಯಿತು. ನಮ್ಮ ತಂಡದ ತರುಣನೊಬ್ಬನಿಗೆ ಇದು ಸಮಾಧಾನವಾಗಲಿಲ್ಲ. ಡೊಂಬಿವಲಿಯ ಹೋಟೆಲಿನಲ್ಲಿ ದುಡಿಯುವ ಅವನು ಒಂದು ವರ್ಷ ಹಣ ಕೂಡಿಟ್ಟು, ರಜೆಯನ್ನು ಬೇಡಿ ಪಡೆದು ಬಂದವನು. ನೀರು ಇಷ್ಟು ನಿರ್ಮಲವಾಗಿದೆಯಲ್ಲ, ಅಲೆಯೂ ಇಲ್ಲವಲ್ಲ ಎಂಬುದು ಅವನ ವಾದ. ತಾಂಡೇಲರು, "ಹಗ್ಗ ಕಾಣ್ತಿಲ್ವ ತಮಾ? ದೋಣಿ ನಿಂತದೆ, ನೀರು ನಿಂತಿಲ್ಲ" ಎಂದಷ್ಟೇ ಹೇಳಿ ಲಂಗರನ್ನು ಎತ್ತಿಸಿದರು. ಅವನ ವಾದದಲ್ಲಿ ಒಂದು ಸಹಜವಾದ ತಪ್ಪುಗ್ರಹಿಕೆಯಿದೆ. ಅಲೆಯು ಕಣ್ಣಿಗೆ ಕಾಣುತ್ತದೆ, ಸೆಳವು ಕಾಣುವುದಿಲ್ಲ. ಅಲೆಯಿಲ್ಲದ ಕಡಲಿನಲ್ಲಿಯೂ ಸೆಳವು ಇರಬಹುದು. ಒಂದು ನಾಟ್ ವೇಗದ ಸೆಳವು 20 ನಿಮಿಷಗಳಲ್ಲಿ ಮನುಷ್ಯನನ್ನು ದೋಣಿಯಿಂದ 600 ಮೀಟರಿಗೂ ಹೆಚ್ಚು ದೂರಕ್ಕೆ ಒಯ್ಯುತ್ತದೆ. ಅಷ್ಟು ದೂರದಲ್ಲಿ ನೀರಿನ ಮೇಲೆ ತೇಲುವ ತಲೆಯೊಂದನ್ನು ದೋಣಿಯಿಂದ ಗುರುತಿಸುವುದು ಎಷ್ಟು ಕಷ್ಟವೆಂಬುದನ್ನು ಕಡಲನ್ನು ಬಲ್ಲವರೇ ಹೇಳಬೇಕು.

ಅನುಭವಸ್ಥರು ಸೆಳವಿನಲ್ಲಿ ನಡೆದುಕೊಳ್ಳುವ ಕ್ರಮವನ್ನೂ ತುಸು ಹೇಳಿಬಿಡುವೆವು. ಆರಂಭದಲ್ಲಿ ಸೆಳವಿಗೆ ಎದುರಾಗಿ ಹೋಗಿ, ದಣಿದ ಬಳಿಕ ಸೆಳವಿನೊಡನೆ ಹಿಂದಿರುಗುವುದು. ತಳದ ಘರ್ಷಣೆಯಿಂದ ಅಲ್ಲಿ ನೀರಿನ ವೇಗವು ಕಡಿಮೆಯಿರುವುದರಿಂದ ತಳಕ್ಕೆ ಹತ್ತಿರವಾಗಿ ಸಾಗುವುದು. ಬಂಡೆಯ ಮರೆಯನ್ನು ಹಿಡಿಯುವುದು. ಸೆಳವು ಒಯ್ದೇಬಿಟ್ಟರೆ ಸೆಣಸದೆ, ಜೊತೆಗಾರನನ್ನು ಬಿಡದೆ, ನಿಧಾನವಾಗಿ ಮೇಲೆದ್ದು, ಅಂಗಿಯಲ್ಲಿ ಗಾಳಿ ತುಂಬಿಕೊಂಡು ತೇಲುತ್ತ, ಬಣ್ಣದ ಉದ್ದನೆಯ ಚೀಲವನ್ನು ಊದಿ ಎತ್ತಿ ಹಿಡಿದು ಸೀಟಿಯೂದುವುದು.

ದಡದಲ್ಲಿ ಕಾಲು ತೋಯಿಸುವವರಿಗೂ ಇದರಿಂದ ಪ್ರಯೋಜನವುಂಟು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ಮುರ್ಡೇಶ್ವರದ ತೀರದಲ್ಲಿ ನೀರುಪಾಲಾದರು. ನಮ್ಮ ವಾಚಕರ ವಯಸ್ಸಿನ ಮಕ್ಕಳು ಅವರು. ದಡಕ್ಕೆ ಬಂದ ಅಲೆಗಳ ನೀರೆಲ್ಲವೂ ಎಲ್ಲಿಂದಾದರೂ ಹಿಂದಿರುಗಲೇಬೇಕಷ್ಟೆ. ಕೆಲವೆಡೆ ಅದು ಕಿರಿದಾದ ಓಣಿಯಂತೆ ಕಡಲಿನತ್ತ ನುಗ್ಗುತ್ತದೆ. ಎರಡು ಕಡೆಯೂ ಅಲೆಗಳು ನೊರೆಯಾಗಿ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಸಮತಟ್ಟಾಗಿ ಕಂಡರೆ, ಸ್ನಾನಕ್ಕೆ ಅದೇ ಒಳ್ಳೆಯ ಜಾಗವೆಂದು ಅರಿಯದವರು ಇಳಿಯುತ್ತಾರೆ. ಸೆಳವು ಇರುವುದು ಅಲ್ಲಿಯೇ. ಸಿಕ್ಕಿಬಿದ್ದವರು ನೇರವಾಗಿ ದಡದತ್ತ ಈಜಲು ಹೆಣಗಬಾರದು. ಆ ಓಣಿಯು ಅಗಲವಾಗಿರುವುದಿಲ್ಲ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಅದರಿಂದ ಹೊರಬಿದ್ದು, ಅನಂತರ ದಡವನ್ನು ಸೇರಬೇಕು. ಈಜಲಾರದವರು ತೇಲುತ್ತ ಕೈಯೆತ್ತಿ ಕೂಗಬೇಕು. ಮುಳುಗುತ್ತಿರುವವರನ್ನು ಹಿಡಿಯಲು ತಾವೂ ಧುಮುಕುವ ಬದಲು ಹಗ್ಗವನ್ನೋ ಖಾಲಿ ಡಬ್ಬಿಯನ್ನೋ ಎಸೆಯುವುದು ಲೇಸು. ಈಜು ಬಾರದವರನ್ನೂ ನೇತ್ರಾಣಿಯಲ್ಲಿ ಶಿಕ್ಷಕನೊಡನೆ ಇಳಿಸುವ ಪದ್ಧತಿಯಿದೆ. ಆದರೂ ಈಜನ್ನು ಕಲಿತೇ ಹೋಗುವುದು ಉಚಿತವೆಂದು ನಮ್ಮ ಅಭಿಪ್ರಾಯ.

ಮೇಲೆ ಬರುವ ವಿಚಾರವೊಂದು ಉಳಿಯಿತು. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕವು ರಕ್ತದಲ್ಲಿಯೂ ಮಾಂಸದಲ್ಲಿಯೂ ಹೆಚ್ಚಾಗಿ ಕರಗುತ್ತದೆ. ಥಟ್ಟನೆ ಮೇಲೆದ್ದರೆ, ಸೋಡಾ ಬಾಟಲಿಯ ಮುಚ್ಚಳವನ್ನು ತೆರೆದಾಗ ಆಗುವಂತೆ, ಅದು ಗುಳ್ಳೆಗಳಾಗಿ ಹೊರಬಿದ್ದು ಕೀಲುಗಳನ್ನೂ ನರಗಳನ್ನೂ ಕೆಡಿಸುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ತಳಪಾಯವನ್ನು ಒತ್ತಿದ ಗಾಳಿಯ ಪೆಟ್ಟಿಗೆಗಳಲ್ಲಿ ಕುಳಿತು ತೋಡಿದ ಕೆಲಸಗಾರರು 1870ರ ದಶಕದಲ್ಲಿ ಈ ರೋಗದಿಂದ ನರಳಿದರು. ಅದರ ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ ಹಾಸಿಗೆ ಹಿಡಿದನು. 1908ರಲ್ಲಿ ಜೆ. ಎಸ್. ಹಾಲ್ಡೇನ್ ಎಂಬ ವಿಜ್ಞಾನಿಯು ಹಂತಹಂತವಾಗಿ ಮೇಲೇಳುವ ಕೋಷ್ಟಕಗಳನ್ನು ಸಿದ್ಧಪಡಿಸಿದನು. ಅದಕ್ಕಾಗಿ ಅವನು ಪ್ರಯೋಗ ನಡೆಸಿದ್ದು ಆಡುಗಳ ಮೇಲೆ. ನೇತ್ರಾಣಿಯ ಆಡುಗಳಿಗೆ ಇದು ತಿಳಿಯದಿರುವುದೇ ಒಳ್ಳೆಯದು! ಈಗ ನಿಮಿಷಕ್ಕೆ ಸುಮಾರು 9 ಮೀಟರಿಗಿಂತ ವೇಗವಾಗಿ ಏಳಬಾರದೆಂದೂ, 5 ಮೀಟರಿನಲ್ಲಿ ಮೂರು ನಿಮಿಷ ತಂಗಬೇಕೆಂದೂ ಕಲಿಸುತ್ತಾರೆ. ಸೆಳವಿಗೆ ಹೆದರಿ ಒಮ್ಮೆಗೇ ಮೇಲಕ್ಕೆ ಚಿಮ್ಮುವವನು ಈ ಅಪಾಯವನ್ನು ತಂದುಕೊಳ್ಳುತ್ತಾನೆ.

ಮುಳುಗಿದ ದಿನವೇ ವಿಮಾನವನ್ನೇರಬಾರದು. ಎತ್ತರದಲ್ಲಿ ಗಾಳಿಯ ಒತ್ತಡವು ಕಡಿಮೆಯಾದುದರಿಂದ ಉಳಿದ ಸಾರಜನಕವು ಅಲ್ಲಿ ಗುಳ್ಳೆಯಾಗಬಹುದು. ಒಂದು ಬಾರಿ ಮುಳುಗಿದವರು 12 ಗಂಟೆ, ಹಲವು ಬಾರಿ ಮುಳುಗಿದವರು 18 ಗಂಟೆ ಕಾಯಬೇಕೆಂಬುದು ನಿಯಮ. ಮುರ್ಡೇಶ್ವರದಿಂದ ಅದೇ ಸಂಜೆ ಘಟ್ಟವನ್ನು ಹತ್ತಿ ಜೋಗವನ್ನು ನೋಡಿಬರಬೇಕೆನ್ನುವವರೂ ಶಿಕ್ಷಕನನ್ನು ಕೇಳಿಕೊಂಡೇ ಹೊರಡುವುದು ಮೇಲು. ರೈಲಿನಲ್ಲಿ ಹಿಂದಿರುಗುವ ದಿವಾದವರಿಗೆ ಈ ಚಿಂತೆಯಿಲ್ಲ. ಕೊಂಕಣದ ದಾರಿಯು ಅಷ್ಟು ಎತ್ತರಕ್ಕೆ ಏರುವುದಿಲ್ಲ. ಹೋಗುವ ಕಾಲವು ಮಳೆ ನಿಂತು ನೀರು ತಿಳಿಯಾದ ಮೇಲೆ, ಅಂದರೆ ಅಕ್ಟೋಬರಿನಿಂದ ಮೇ ತಿಂಗಳವರೆಗೆ. ಮುಂಗಾರು ಇಳಿದೊಡನೆ ಕಡಲು ಕಲಕಿ, ತೀರದ ಪ್ರವಾಹವು ದಕ್ಷಿಣಕ್ಕೆ ತಿರುಗುತ್ತದೆ. ಆ ತಿಂಗಳುಗಳಲ್ಲಿ ನೇತ್ರಾಣಿಗೆ ಪ್ರವಾಸಿಗರ ದೋಣಿಗಳು ಹೋಗುವುದಿಲ್ಲ.